ಬೀಗ ಬಾಗಿಲಿಗೆ ಮಾತ್ರ ಸಾಲದು

ಏಪ್ರಿಲ್ ಬಂತೆಂದರೆ ಮುಂಬಯಿಯಲ್ಲಿ ಮದುವೆ, ಬೆಂಗಳೂರಿನಲ್ಲಿ ಗೃಹಪ್ರವೇಶ ಎಂದು ನಮ್ಮ ಕಡೆಯ ರೈತರೂ ನಾಲ್ಕಾರು ದಿನ ಊರು ಬಿಡುವುದುಂಟು. ಕಪಾಟಿಗೆ ಬೀಗ, ಬಾಗಿಲಿಗೆ ಬೀಗ, ಹಟ್ಟಿಯ ದನಗಳಿಗೆ ನೆರೆಮನೆಯವರ ಏರ್ಪಾಡು. ತಾರಸಿಯ ಟ್ಯಾಂಕಿಯಿಂದ ಇಳಿಯುವ ನೀರನ್ನು ಕಟ್ಟಿ ಹೋಗುವವರು ಮಾತ್ರ ವಿರಳ.

ನಾನೂ ಕಟ್ಟಿರಲಿಲ್ಲ. ಹೊರಡುವ ದಿನ ಬೆಳಿಗ್ಗೆ ಕರೆಂಟು ಇರಲಿಲ್ಲ, ಟ್ಯಾಂಕಿ ಬರಿದಾಗಿತ್ತು. ಬಚ್ಚಲಿನ ನಳ್ಳಿ ತಿರುಗಿಸಿದ್ದೆ. ನೀರು ಬಾರದ್ದರಿಂದ ಹಾಗೆಯೇ ಬಿಟ್ಟು ಬಸ್ಸಿಗೆ ಓಡಿದೆ. ಸಂಜೆ ಕರೆಂಟು ಬಂತು. ಪಂಪಿಗೆ ಹಾಕಿಸಿದ್ದ ಆಟೋ ತನ್ನ ಕೆಲಸ ತಪ್ಪದೆ ಮಾಡಿತು. ನಳ್ಳಿ ಸುರಿದಂತೆಲ್ಲ ಪಂಪು ನೀರೆತ್ತಿತು. ಬಚ್ಚಲಿನ ತೂತಿಗೆ ಬಟ್ಟೆಯ ಚೂರು ಸಿಕ್ಕಿ, ನೀರು ನಡುಮನೆಗೆ ನುಗ್ಗಿತು. ನಾಲ್ಕನೆಯ ದಿನ ಬಂದು ನೋಡಿದರೆ ಬಾಗಿಲ ದಾರಂದ ಉಬ್ಬಿತ್ತು, ಅಕ್ಕಿಯ ಗೋಣಿ ತಳದಿಂದ ಮುಗ್ಗಿತ್ತು. ಅದಕ್ಕಿಂತ ದೊಡ್ಡ ನಷ್ಟ ಬಾವಿಯಲ್ಲಿತ್ತು. ತಳದ ಕಲ್ಲು ಕಾಣುತ್ತಿತ್ತು. ಬೇಸಗೆಯಲ್ಲಿ ಒರತೆ ನಿಧಾನ. ಅಡಿಕೆ ತೋಟಕ್ಕೆ ಒಂದು ವಾರ ಸರಿಯಾಗಿ ನೀರುಣಿಸಲಾಗಲಿಲ್ಲ. ನೀರಿಲ್ಲದೆ ತಿರುಗಿದ ಪಂಪು ಸುಡದೆ ಉಳಿದದ್ದೇ ಪುಣ್ಯ. ನೀರಾವರಿ ಪಂಪುಸೆಟ್ಟಿಗೆ 10 ಅಶ್ವಶಕ್ತಿಯವರೆಗೆ ಕರೆಂಟು ಪುಕ್ಕಟೆಯಾದ್ದರಿಂದ ಬಿಲ್ಲು ನೋಡಿಯೂ ನಮಗೆ ಎಚ್ಚರವಾಗುವುದಿಲ್ಲ.

ನೆಲಕ್ಕೆ ಗ್ರಾನೈಟು ಹಾಸಲು ಲಕ್ಷ ಸುರಿಯುವ ನಾವು ಟ್ಯಾಂಕಿಯ ಬುಡಕ್ಕೊಂದು ಗೇಟ್ ವಾಲ್ವ್ ಹಾಕಿಸಲು ಜಿಪುಣರಾಗುತ್ತೇವೆ. ಹಾಕಿಸಿದ್ದರೂ ವರ್ಷಗಟ್ಟಲೆ ಮುಟ್ಟದೆ ಅದು ಹಿಡಿದುಕೊಂಡಿರುತ್ತದೆ. ಹೊರಡುವ ಮುಂಚೆ ಪಂಪಿನ ಸ್ವಿಚ್ಚು ತೆಗೆದು, ಈ ವಾಲ್ವನ್ನು ಮುಚ್ಚಿ, ಎಲ್ಲಕ್ಕಿಂತ ತಗ್ಗಿನ ನಳ್ಳಿ ಬಿಟ್ಟು ಪೈಪಿನಲ್ಲಿದ್ದ ನೀರನ್ನು ಇಳಿಸಬೇಕು. ಆ ಬಳಿಕ ಆ ನಳ್ಳಿಯನ್ನೂ ಮುಚ್ಚಬೇಕು. ನನ್ನಂತೆ ಮರೆಯಬಾರದು! ಅಡಿಗೆಮನೆಗೂ ಬಚ್ಚಲಿಗೂ ಟ್ಯಾಂಕಿಯಿಂದ ಬೇರೆ ಬೇರೆ ಪೈಪು ಇಳಿದಿದ್ದರೆ ಎರಡನ್ನೂ ಕಟ್ಟಬೇಕು. ತೋಟಕ್ಕೆ ನೀರು ಬಿಡಲು ಆಳನ್ನು ಗೊತ್ತುಮಾಡಿದವರು ಪಂಪು ನಿಲ್ಲಿಸುವಂತಿಲ್ಲ. ಅವರು ಪಂಪಿನಿಂದ ಟ್ಯಾಂಕಿಗೆ ಏರುವ ಪೈಪಿಗೂ ತೋಟದ ಪೈಪಿಗೂ ಪ್ರತ್ಯೇಕ ವಾಲ್ವ್ ಹಾಕಿಸಿಕೊಳ್ಳಲೇಬೇಕು.

ನಳ್ಳಿ ಮುಚ್ಚಿದ್ದರೂ ಪೈಪನ್ನು ನಂಬುವಂತಿಲ್ಲ. ಮುರಕಲ್ಲಿನ ನೆಲದ ಬಾವಿನೀರಿಗೆ ಸ್ವಲ್ಪ ಹುಳಿಯ ಗುಣವಿದೆ, ಹಳೆಯ ಜಿ.ಐ. ಪೈಪನ್ನು ಅದು ಒಳಗಿನಿಂದ ತಿನ್ನುತ್ತದೆ. ಕಾಪುವಿನಂಥ ಕಡಲ ಬದಿಯಲ್ಲಿ ಉಪ್ಪುಗಾಳಿ ಹೊರಗಿನಿಂದ ತಿನ್ನುತ್ತದೆ. ಬಿಸಿಲಿಗೆ ಬಿದ್ದ ಪಿ.ವಿ.ಸಿ. ಪೈಪು ಕೆಲವು ವರ್ಷಗಳಲ್ಲಿ ಪೆಡಸಾಗುತ್ತದೆ, ಇಲಿ ಅಳಿಲುಗಳೂ ಕಡಿಯುತ್ತವೆ.

ಮಳೆಗಾಲದ ಪ್ರಯಾಣವಾದರೆ ತಾರಸಿಯ ನೀರು ಇಳಿಯುವ ಕಿಂಡಿಯನ್ನೂ ನೋಡಬೇಕು. ವರ್ಷಕ್ಕೆ 4,000 ಮಿಲಿಮೀಟರ್ ಸುಮಾರಿಗೆ ಮಳೆ ಬೀಳುವ ಜಿಲ್ಲೆ ನಮ್ಮದು. ಘಟ್ಟದ ಮಗ್ಗುಲಿನ ಕಾರ್ಕಳದಲ್ಲಿ ಇನ್ನೂ ಬಿರುಸು. ಹಲಸಿನ ನಾಲ್ಕು ಎಲೆ ಅಡ್ಡವಾದರೆ ತಾರಸಿ ಕೆರೆಯಾಗುತ್ತದೆ.

ಮಣಿಪಾಲದ ಫ್ಲ್ಯಾಟುಗಳಲ್ಲಿ ಮಗಳು ಅಳಿಯ ಇರುವವರು ಅವರಿಗೂ ಈ ಮಾತು ತಿಳಿಸಬೇಕು. 2019ರ ಮೇ ತಿಂಗಳಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನ ನೀರು ತಳ ಕಂಡು, ಉಡುಪಿ ನಗರಕ್ಕೆ ಸರದಿಯಂತೆ ನೀರು ಬಿಡಬೇಕಾಗಿ ಬಂದಿತ್ತು. ಅಂಥ ದಿನಗಳಲ್ಲಿ ಒಣ ನಳ್ಳಿಯನ್ನು ತೆರೆದಿಟ್ಟು ಹೋದರೆ ಆಮೇಲೆ ಬರುವ ನೀರು ಕೆಳಮನೆಯವರ ತಲೆಯ ಮೇಲೆ ಸೋರುತ್ತದೆ.

ನೆರೆಮನೆಯವರ ಕೈಗೆ ಬೀಗದ ಕೈ ಕೊಡುವಾಗ ಅವರನ್ನು ಒಮ್ಮೆ ತಾರಸಿಗೆ ಕರೆದೊಯ್ದು ವಾಲ್ವ್ ತೋರಿಸುವುದು ಒಳ್ಳೆಯದು. ಪಂಪಿನ ಸ್ವಿಚ್ಚನ್ನೂ ತೋರಿಸಬೇಕು. ನಮ್ಮ ಮನೆಯ ವಾಲ್ವಿಗೆ ಈಗ ಕೆಂಪು ಬಣ್ಣ ಬಳಿದಿದ್ದೇನೆ. ತಿಂಗಳಿಗೊಮ್ಮೆ ಮುಚ್ಚಿ ಬಿಟ್ಟು ನೋಡುತ್ತೇನೆ.