ಇಪ್ಪತ್ತು ವರ್ಷದ ಕೆಲಸ, ಐದು ನಿಮಿಷದ ಮುಲಾಖತ್

ನಮ್ಮ ಗುಂಜೋಟಿ ಕಡೆ ಅದಕ್ಕೆ ಮುಲಾಖತ್ ಅಂತಾರೆ. ಗಡಿ ದಾಟಿ ಆಳಂದಕ್ಕೋ ಬಸವಕಲ್ಯಾಣಕ್ಕೋ ಹೋದರೆ ಅದೇ ಸಂದರ್ಶನ. ಹೆಸರು ಯಾವುದಾದರೂ ಇರಲಿ, ಇಪ್ಪತ್ತು ವರ್ಷ ಅಡತಿಯಲ್ಲಿ ಮುನೀಮಕಿ ಮಾಡಿದವನು ನಲವತ್ತೈದರ ವಯಸ್ಸಿನಲ್ಲಿ ಮತ್ತೊಬ್ಬರ ಎದುರು ಕುಳಿತು "ನಿಮ್ಮ ಬಗ್ಗೆ ಹೇಳ್ರಿ" ಎನ್ನಿಸಿಕೊಳ್ಳುವುದು ಸಣ್ಣ ಮಾತಲ್ಲ.

ಇಂಥವರು ಈಗ ಊರೂರಿಗೂ ಇದ್ದಾರೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಕೆಂಪು ಬಟ್ಟೆಯ ಖಾತೆ ಪುಸ್ತಕ ಕಂಪ್ಯೂಟರಿಗೆ ಜಾಗ ಬಿಟ್ಟಿತು. ಸಣ್ಣ ಅಡತಿ ಬಾಗಿಲು ಹಾಕಿದಲ್ಲಿ ಮುನೀಮನೂ ಮನೆಗೆ ಬಂದ. ಮಳೆ ಕೈಕೊಟ್ಟು, ಸೋಯಾ ದರ ಬಿದ್ದು, ಹೊಲವನ್ನು ಪಾಲಿಗೆ ಕೊಟ್ಟು ನೌಕರಿ ಹುಡುಕುವ ರೈತನೂ ಇದೇ ಸಾಲಿನಲ್ಲಿ ನಿಂತಿದ್ದಾನೆ.

ಸರ್ಕಾರಿ ನೌಕರಿಯ ಮಾತು ಬೇರೆ. ಕೇಂದ್ರದ ಕೆಳದರ್ಜೆ ಹುದ್ದೆಗಳಿಗೆ 2016ರಿಂದ ಸಂದರ್ಶನವೇ ಇಲ್ಲ. ಕರ್ನಾಟಕದ 371ಜೆ ಮೀಸಲಾತಿ ಆ ಭಾಗದಲ್ಲಿ ಹುಟ್ಟಿದವರಿಗೆ, ಇಲ್ಲವೇ ಹತ್ತು ವರ್ಷ ನೆಲೆಸಿದವರಿಗೆ. 1956ರ ನವೆಂಬರ್ 1ರ ತನಕ ಉಮರ್ಗಾವೂ ಹೈದರಾಬಾದ್ ರಾಜ್ಯದಲ್ಲೇ ಇತ್ತು. ನಿಲಂಗಾ, ಉದಗೀರ ಬೀದರ್ ಜಿಲ್ಲೆಯಲ್ಲೇ ಇದ್ದವು. ಆ ನೆನಪನ್ನು ಅರ್ಜಿಗೆ ಲಗತ್ತಿಸಲು ಬರುವುದಿಲ್ಲ. ಉಳಿದದ್ದು ದಾಲ್ ಮಿಲ್ಲು, ಗೋದಾಮು, ಖಾಸಗಿ ಶಾಲೆ, ರೈತರ ಕಂಪನಿ.

ಈ ರೈತರ ಕಂಪನಿಗಳನ್ನು ನಮ್ಮವರು ಸರಿಯಾಗಿ ನೋಡಿಲ್ಲ ಎಂದು ನನ್ನ ತಕರಾರು. 2020ರಲ್ಲಿ ಕೇಂದ್ರ ಸರ್ಕಾರ ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆಗಳ ಯೋಜನೆ ತಂದಿತು. ಅದರ ನಿಯಮದಲ್ಲಿ ವ್ಯವಸ್ಥಾಪಕನಿಗೆ ತಿಂಗಳಿಗೆ 25 ಸಾವಿರ, ಲೆಕ್ಕಿಗನಿಗೆ 10 ಸಾವಿರದವರೆಗೆ ಸಂಬಳದ ನೆರವಿದೆ. ಲೆಕ್ಕಿಗನಿಗೆ ಹನ್ನೆರಡನೆಯವರೆಗೆ ಗಣಿತ, ಇಲ್ಲವೇ ಕಾಮರ್ಸ್ ಹಿನ್ನೆಲೆ ಸಾಕು. ಹಳೆಯ ಮುನೀಮನಿಗೆ ಅಳತೆ ತೆಗೆದು ಹೊಲಿದಂತಿದೆ ಈ ಕೆಲಸ. ಆದರೆ ಅವನು ಹೋಗುವುದಿಲ್ಲ, ಹೋದರೂ ಬಾಯಿ ಬಿಡುವುದಿಲ್ಲ.

ತಯಾರಿ ಎಂದರೆ ಝೆರಾಕ್ಸ್ ಅಂಗಡಿಯ ಬಯೋಡಾಟಾ ಎಂದು ತಿಳಿದಿದ್ದೇವೆ. ಅಲ್ಲಿ ಹುಡುಗರಿಗೆ ಮಾಡಿಟ್ಟ ನಮೂನೆಯಲ್ಲೇ ಹೆಸರು ಬದಲಿಸಿ ಕೊಡುತ್ತಾರೆ. ಮೊಮ್ಮಗನನ್ನು ಎತ್ತಿ ಆಡಿಸುವವನ ಕಾಗದದಲ್ಲೂ "ಹವ್ಯಾಸ: ಕ್ರಿಕೆಟ್" ಎಂದಿರುತ್ತದೆ! ಅದನ್ನು ಬಿಟ್ಟು ಒಂದು ಹಾಳೆ ತೆಗೆದುಕೊಂಡು ಕೂಡಿರಿ. ಹಂಗಾಮಿನಲ್ಲಿ ದಿನಕ್ಕೆ ಎಷ್ಟು ಕ್ವಿಂಟಲ್ ಮಾಲು ತೂಗಿಸಿದಿರಿ, ಎಷ್ಟು ರೈತರ ಖಾತೆ ನಿಮ್ಮ ಕೈಯಲ್ಲಿತ್ತು, ಉಧಾರಿ ಎಷ್ಟು ವಸೂಲು ಮಾಡಿದಿರಿ, ಬರೆಯಿರಿ.

"ಇಷ್ಟು ವರ್ಷ ಏನ್ ಮಾಡಿದ್ರಿ?" ಎಂಬುದು ಬಂದೇ ಬರುವ ಪ್ರಶ್ನೆ. ನಮ್ಮವರ ಉತ್ತರ: "ಏನಿಲ್ರಿ, ಮನ್ಯಾಗ ಇದ್ದೆ." ಅಲ್ಲಿಗೆ ಮುಗಿಯಿತು. ಎಂಟು ಎಕರೆ ಸೋಯಾ, ತೊಗರಿ ಮಾಡಿದವನು ಬೀಜ, ಔಷಧ, ಕೂಲಿ, ಬಾಡಿಗೆಗಳ ಲೆಕ್ಕ ಇಟ್ಟಿಲ್ಲವೇ? ಹದಿನೈದು ವರ್ಷ ಬಚತ್ ಗಟದ ದಫ್ತರ ಬರೆದು, ಬ್ಯಾಂಕಿನ ಮ್ಯಾನೇಜರನ ಎದುರು ಸಾಲಕ್ಕೆ ವಾದಿಸಿದಾಕೆ "ಮನಿ ಕೆಲಸಾರಿ" ಎಂದು ತಲೆ ತಗ್ಗಿಸಿದರೆ ಕೇಳುವವನಿಗೆ ಗೊತ್ತಾಗುವುದು ಹೇಗೆ? ಬಾಯಿಬಿಟ್ಟು ಹೇಳಿಕೊಳ್ಳುವುದು ಬಡಾಯಿ ಎಂದು ನಮಗೆ ಕಲಿಸಿದ್ದಾರೆ. ಆ ಐದು ನಿಮಿಷ ಅದನ್ನು ಬಾಗಿಲ ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಹೋಗಬೇಕು.

ಭಾಷೆಯ ಅಂಜಿಕೆ ಇನ್ನೊಂದು. ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಮರಾಠಿ, ಕುರ್ಚಿಯಲ್ಲಿ ಕುಳಿತವರದು ಹಿಂದಿಯೋ ಇಂಗ್ಲಿಷೋ. ಆದರೆ ಕಲಬುರಗಿಯ ಮಿಲ್ಲಿನವನಿಗೆ, ಅಲ್ಲಿನ ತೊಗರಿಬೇಳೆಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ, ನಿಲಂಗಾದ ರೈತನ ಜೊತೆ ಮರಾಠಿಯಲ್ಲಿ ದರ ಮಾತಾಡಿ ಅದನ್ನು ಕನ್ನಡದಲ್ಲಿ ತಿಳಿಸುವ ಮನುಷ್ಯ ಬೇಕಲ್ಲವೇ? ಸವ್ವಾ, ಅಡೀಚ ಎಂದರೂ ಒಂದೂಕಾಲು, ಎರಡೂವರೆ ಎಂದರೂ ಲೆಕ್ಕ ತಪ್ಪದವನು ಎಲ್ಲ ಕಡೆ ಸಿಗುವುದಿಲ್ಲ. ಎರಡು ಭಾಷೆಯನ್ನು ಕಾಗದದ ಕೊನೆಗಲ್ಲ, ತಲೆಗೇ ಬರೆಯಿರಿ.

ಹಿಂದಿನ ದಿನ ಓದಬೇಕಾದದ್ದೂ ಇದೆ. 2025-26ರ ಬೆಂಬಲ ಬೆಲೆ ಸೋಯಾಕ್ಕೆ 5,328, ತೊಗರಿಗೆ 8,000 ರೂಪಾಯಿ. 2024ರ ನವೆಂಬರಿನಲ್ಲಿ ಆ ಹಂಗಾಮಿನ ಸರ್ಕಾರಿ ಖರೀದಿಗೆ ಸೋಯಾ ತೇವಾಂಶದ ಮಿತಿಯನ್ನು ಶೇ. 12ರಿಂದ 15ಕ್ಕೆ ಸಡಿಲಿಸಿದ್ದರು. ಇಷ್ಟು ನಾಲಿಗೆಯ ಮೇಲಿದ್ದರೆ ಇಪ್ಪತ್ತೈದರ ಹುಡುಗ ಕುರ್ಚಿಯಲ್ಲಿ ನೆಟ್ಟಗೆ ಕೂಡುತ್ತಾನೆ. ದಾಖಲೆಗಳನ್ನೂ ಜೋಡಿಸಿಕೊಳ್ಳಿ, ಹಳೆಯದರಲ್ಲಿ ಉಸ್ಮಾನಾಬಾದ್, 2023ರ ನಂತರದ್ದರಲ್ಲಿ ಧಾರಾಶಿವ. "ಇವು ಎರಡು ಜಿಲ್ಲೆಯೇನ್ರಿ?" ಎಂದು ಅತ್ತಕಡೆಯವರು ಕೇಳಿದರೆ ಸಿಟ್ಟಾಗಬೇಡಿ.

ಕಂಪ್ಯೂಟರ್ ಬರುತ್ತದೆಯೇ ಎಂದು ಕೇಳುವುದು ನ್ಯಾಯವೇ. ಟ್ಯಾಲಿ ಕಲಿಯಲೇಬೇಕು, ಜಮಾ-ಖರ್ಚು ಬಲ್ಲವನಿಗೆ ಅದು ಹೊಸ ವಿದ್ಯೆಯಲ್ಲ, ಹೊಸ ಪೆನ್ನು. ಆದರೆ ನರೆತ ಕೂದಲು ನೋಡಿಯೇ "ತಿಳಿಸ್ತೀವಿ, ಹೋಗಿ ಬರ್ರಿ" ಎನ್ನುವುದನ್ನು ನಾನು ಒಪ್ಪೆ. ಅಂಥವನ ಮುಂದೆ ತಪ್ಪಿರುವ ಒಂದು ಪಟ್ಟಿ ಇಡಲಿ, ತೂಕ, ಹಮಾಲಿ, ತೊಲಾಯಿ ಎಲ್ಲ ಇರುವಂಥದ್ದು. ತಪ್ಪು ಹಿಡಿಯಲು ಎರಡು ನಿಮಿಷ ಕೊಡಲಿ.

ಕೊನೆಗೆ "ನಿಮ್ಮದೇನಾದರೂ ಪ್ರಶ್ನೆ?" ಎಂದಾಗ ಸುಮ್ಮನೆ ಏಳಬೇಡಿ. ರೈತರ ಕಂಪನಿಗಳಿಗೆ ಸರ್ಕಾರದ ಆ ನೆರವು ಮೂರು ವರ್ಷದ್ದು. ನಾಲ್ಕನೆಯ ವರ್ಷದ ಪಗಾರ ಎಲ್ಲಿಂದ ಬರುತ್ತದೆ ಎಂದು ಅಲ್ಲೇ, ಕುಳಿತಲ್ಲೇ ಕೇಳಿ.