ಮೋಟಾರುಗಾಡಿಯ ನಾಡಿ ಸಿಕ್ಕದಿದ್ದರೆ

ಮೋಟಾರುಗಾಡಿಯನ್ನಿಟ್ಟುಕೊಂಡಿರುವ ನಮ್ಮ ವಾಚಕರಲ್ಲಿ ಅನೇಕರು ಡಯಾಗ್ನೋಸ್ಟಿಕ್ ಪೋರ್ಟ್ ಎಂಬ ಹದಿನಾರು ಪಿನ್ನುಗಳ ಕಿಂಡಿಯನ್ನು ಕಂಡಿರಬಹುದು. ಸಾಮಾನ್ಯವಾಗಿ ಇದು ಸ್ಟಿಯರಿಂಗಿನ ಕೆಳಗೆ, ಚಾಲಕನ ಮೊಣಕಾಲಿನ ಸಮೀಪದಲ್ಲಿರುವುದು. ಓಬಿಡಿ-2 ಎಂಬ ಈ ಏರ್ಪಾಡು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ 1996ನೆಯ ವರ್ಷದ ಮಾದರಿಯ ಕಾರುಗಳಿಂದ ಮೊದಲುಗೊಂಡು ಕಡ್ಡಾಯವಾಯಿತು. ನಮ್ಮ ದೇಶದ ನಾಲ್ಕು ಚಕ್ರದ ಗಾಡಿಗಳಿಗೆ 2013ನೆಯ ಏಪ್ರಿಲಿನಿಂದ ವಿಧಿಸಲ್ಪಟ್ಟಿತು. ವೈದ್ಯನು ನಾಡಿಯನ್ನು ಹಿಡಿದು ರೋಗವನ್ನರಿಯುವಂತೆ ಮೆಕ್ಯಾನಿಕ್ಕನು ಈ ಕಿಂಡಿಗೆ ಸ್ಕ್ಯಾನರನ್ನು ಜೋಡಿಸಿ ಎಂಜಿನ್ನಿನ ದೋಷವನ್ನರಿಯುತ್ತಾನೆ.

ಆದರೆ ಕೆಲವು ವೇಳೆ ನಾಡಿಯೇ ಸಿಕ್ಕುವುದಿಲ್ಲ. ಸ್ಕ್ಯಾನರು ಸಂಪರ್ಕವಿಲ್ಲವೆಂದು ತಿಳಿಸಿ ಸುಮ್ಮನಾಗುವುದು. ಒಡನೆಯೇ “ಎಂಜಿನ್ನಿನ ಕಂಪ್ಯೂಟರು ಹೋಗಿದೆ, ಹೊಸದನ್ನು ಹಾಕಿಸಬೇಕು” ಎಂಬ ಮಾತು ಗೃಹಸ್ಥನ ಕಿವಿಗೆ ಬೀಳುವುದುಂಟು. ಇದು ಸಾವಿರಾರು ರೂಪಾಯಿಗಳ ಮಾತು. ಇದಕ್ಕೆ ತಲೆದೂಗುವ ಮುನ್ನ ವಿಚಾರಿಸತಕ್ಕ ಸಂಗತಿಗಳನ್ನು ಈ ತಿಂಗಳು ನಿರೂಪಿಸುವೆವು.

ಪೆಟ್ರೋಲನ್ನು ಅಳೆದು ಸಿಂಪಡಿಸುವ, ಸಕಾಲದಲ್ಲಿ ಕಿಡಿ ಹಾರಿಸುವ ಕಾರ್ಯಗಳನ್ನು ನಡೆಸತಕ್ಕದ್ದು ಆ ಕಂಪ್ಯೂಟರೇ. ಗಾಡಿಯು ಎಂದಿನಂತೆ ಓಡುತ್ತಿದ್ದರೆ ಅದು ಸತ್ತಿದೆಯೆನ್ನುವುದೆಂತು? ಹೊಗೆಯಿಂದ ಬೆಂಕಿಯನ್ನು ಊಹಿಸುವ ತಾರ್ಕಿಕನಂತೆ, ಓಡುವ ಎಂಜಿನ್ನಿನಿಂದ ಜೀವಂತವಾದ ಕಂಪ್ಯೂಟರನ್ನು ಊಹಿಸಬಹುದು. ದೋಷವು ಬಹುಶಃ ದಾರಿಯಲ್ಲಿದೆ. ಇಲ್ಲಿ ಅರುಂಧತೀದರ್ಶನ ನ್ಯಾಯವನ್ನು ಅನುಸರಿಸುವುದು ಲೇಸು. ಮೊದಲು ಹತ್ತಿರದ ದೊಡ್ಡ ನಕ್ಷತ್ರವನ್ನು ತೋರಿಸಿ, ಅನಂತರ ಸೂಕ್ಷ್ಮವಾದುದನ್ನು ತೋರಿಸುವಂತೆ, ಸ್ಥೂಲವಾದುದನ್ನು ಮೊದಲು ಪರೀಕ್ಷಿಸತಕ್ಕದ್ದು.

ಎಲ್ಲಕ್ಕೂ ಮೊದಲು ಇಗ್ನಿಷನ್ ಕೀಲಿಯು ‘ಆನ್’ ಸ್ಥಾನದಲ್ಲಿದೆಯೇ ಎಂದು ನೋಡಬೇಕು. ಕೀಲಿ ತಿರುಗಿಸದಿದ್ದರೆ ಕಂಪ್ಯೂಟರು ಉತ್ತರಿಸದಿರಬಹುದು. ಬಳಿಕ ಅದೇ ಸ್ಕ್ಯಾನರನ್ನು ಬೇರೊಂದು ಗಾಡಿಗೂ, ಬೇರೊಂದು ಸ್ಕ್ಯಾನರನ್ನು ಈ ಗಾಡಿಗೂ ಜೋಡಿಸಿ ನೋಡಬೇಕು. ಈ ಅನ್ವಯ-ವ್ಯತಿರೇಕಗಳಿಂದ ದೋಷವು ಯಾವ ಕಡೆಯದೆಂಬುದು ನಿಷ್ಕರ್ಷೆಯಾಗುವುದು. ಅಗ್ಗದ ಬ್ಲೂಟೂತ್ ಅಡಾಪ್ಟರುಗಳು ಎಲ್ಲ ಗಾಡಿಗಳ ಭಾಷೆಯನ್ನೂ ಅರಿಯವು.

ಎರಡನೆಯದು ವಿದ್ಯುತ್ತು. ಕಿಂಡಿಯಿಂದಲೇ ವಿದ್ಯುತ್ತನ್ನು ಪಡೆಯುವ ಸ್ಕ್ಯಾನರಿನ ದೀಪವೇ ಹೊತ್ತದಿದ್ದರೆ ಕಿಂಡಿಗೆ ವಿದ್ಯುತ್ತು ಬಂದಿಲ್ಲವೆಂದು ಶಂಕಿಸಬೇಕು. 16ನೆಯ ಪಿನ್ನಿನಲ್ಲಿ ಬ್ಯಾಟರಿಯ ಸುಮಾರು 12 ವೋಲ್ಟು ಸದಾ ಇರತಕ್ಕದ್ದು. 4 ಮತ್ತು 5ನೆಯವು ಅರ್ತಿಂಗಿನ ಪಿನ್ನುಗಳು. ಇವುಗಳ ನಡುವೆ ಮಲ್ಟಿಮೀಟರನ್ನು ಹಿಡಿದರೆ ನಿಜಸ್ಥಿತಿ ಗೊತ್ತಾಗುವುದು. ಅನೇಕ ಗಾಡಿಗಳಲ್ಲಿ ಈ ಕಿಂಡಿಗೂ ಸಿಗರೇಟು ಹೊತ್ತಿಸುವ ಸಾಕೆಟ್ಟಿಗೂ ಒಂದೇ ಫ್ಯೂಸು. ನಮ್ಮ ಪರಿಚಿತರಾದ ವಕೀಲರೊಬ್ಬರಿಗೆ ಕಂಪ್ಯೂಟರನ್ನೇ ಬದಲಾಯಿಸಬೇಕೆಂದು ದೊಡ್ಡದೊಂದು ಅಂದಾಜುಪಟ್ಟಿ ಬಂದಿತ್ತು. ಮೊಬೈಲನ್ನು ಚಾರ್ಜು ಮಾಡುವ ಆ ಸಾಕೆಟ್ಟೂ ಕೆಲಸ ಮಾಡುತ್ತಿಲ್ಲವೆಂದು ಅವರ ಮಗಳು ಹೇಳಿದ ಮೇಲೆ ನೋಡಲಾಗಿ, ಅದರೊಳಗೆ ಒಂದು ನಾಣ್ಯವು ಬಿದ್ದು ಫ್ಯೂಸು ಸುಟ್ಟಿತ್ತು. ನಾಣ್ಯವನ್ನು ತೆಗೆದು ಹೊಸ ಫ್ಯೂಸನ್ನು ಹಾಕಿದೊಡನೆ ಸ್ಕ್ಯಾನರು ಮಾತನಾಡಿತು.

ಇಲ್ಲೊಂದು ಎಚ್ಚರಿಕೆಯುಂಟು. ಸುಟ್ಟ ಫ್ಯೂಸಿನ ಮೇಲೆ ಬರೆದಿರುವಷ್ಟೇ ಆಂಪಿಯರಿನ ಫ್ಯೂಸನ್ನು ಹಾಕಬೇಕು. 15ರ ಸ್ಥಾನದಲ್ಲಿ 30 ಆಂಪಿಯರಿನದನ್ನು ಹಾಕಿದರೆ ಫ್ಯೂಸು ಉಳಿದು ತಂತಿಯು ಉರಿಯುವುದು. ಹೊಸದೂ ಕೂಡಲೇ ಸುಟ್ಟರೆ ಎಲ್ಲಿಯೋ ಷಾರ್ಟ್ ಸರ್ಕ್ಯೂಟ್ ಇದೆಯೆಂದು ತಿಳಿದು ಅದನ್ನು ಹುಡುಕಿಸತಕ್ಕದ್ದು.

ಮೂರನೆಯದು ಕಿಂಡಿಯ ಶರೀರ. ದೀಪವನ್ನು ಹಿಡಿದು ನೋಡಿದರೆ ಹಿಂದಕ್ಕೆ ಸರಿದ ಪಿನ್ನು, ಅಗಲವಾದ ಸಂದು, ನೀರು ತಗುಲಿ ಹಸಿರುಗಟ್ಟಿದ ಲೋಹ ಇವೆಲ್ಲ ಬರಿಗಣ್ಣಿಗೇ ಕಾಣುವುವು. ಗಾಡಿಯ ಜಾಡನ್ನು ತಿಳಿಸುವ ಜಿಪಿಎಸ್ ಮುಂತಾದ ಉಪಕರಣವನ್ನು ಇದೇ ತಂತಿಗಳಿಗೆ ಕಟ್ಟಿಸಿದ್ದರೆ ಅದನ್ನು ಬಿಚ್ಚಿಸಿ ಪುನಃ ಪರೀಕ್ಷಿಸಬೇಕು.

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಸೂಕ್ಷ್ಮವಾದುದಕ್ಕೆ ಹೋಗತಕ್ಕದ್ದು. ಈಚಿನ ಕಾರುಗಳಲ್ಲಿ ಸಂದೇಶಗಳು ‘ಕ್ಯಾನ್’ ಎಂಬ ಜೋಡಿತಂತಿಗಳಲ್ಲಿ ಸಂಚರಿಸಿ 6 ಮತ್ತು 14ನೆಯ ಪಿನ್ನುಗಳಿಗೆ ಬರುವುವು. ಆ ಜೋಡಿಯ ಎರಡು ತುದಿಗಳಲ್ಲಿಯೂ 120 ಓಮುಗಳ ಒಂದೊಂದು ರೋಧಕವಿರುವುದು. ಬ್ಯಾಟರಿಯನ್ನು ಬಿಚ್ಚಿ ಈ ಎರಡು ಪಿನ್ನುಗಳ ನಡುವೆ ಅಳೆದರೆ ಸುಮಾರು 60 ಓಮು ಬರಬೇಕು. 120 ಬಂದರೆ ಒಂದು ತುದಿ ಕಡಿದಿದೆ; ಸೊನ್ನೆಯ ಸಮೀಪಕ್ಕೆ ಬಂದರೆ ತಂತಿಗಳೆರಡೂ ಒಂದಕ್ಕೊಂದು ತಗುಲಿವೆ. ನಡುವೆ ಗೇಟ್‌ವೇ ಎಂಬ ದ್ವಾರಪಾಲಕನಿರುವ ಕೆಲವು ಹೊಸ ಗಾಡಿಗಳಲ್ಲಿ ಈ ಲೆಕ್ಕವು ಬೇರೆಯಾಗಬಹುದು. ಕೆಟ್ಟುಹೋದ ಒಂದು ಘಟಕವು ಇಡೀ ಜೋಡಿಯನ್ನು ಮೂಕವಾಗಿಸುವುದೂ ಉಂಟು. ಆಗ ಘಟಕಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದು ಬಲ್ಲವರ ಕೆಲಸ. ಏರ್‌ಬ್ಯಾಗಿನ ಹಳದಿ ಬಣ್ಣದ ಕನೆಕ್ಟರುಗಳನ್ನಂತೂ ಗೃಹಸ್ಥರು ಮುಟ್ಟಲಾಗದು.

ಆದುದರಿಂದ ಕಂಪ್ಯೂಟರು ಹೋಗಿದೆಯೆಂದು ಹೇಳುವವನನ್ನು ವಾಚಕರು ವಿನಯದಿಂದಲೇ ಮೂರು ಪ್ರಶ್ನೆಗಳನ್ನು ಕೇಳಬೇಕು: ಫ್ಯೂಸನ್ನು ನೋಡಿದಿರಾ? 16ನೆಯ ಪಿನ್ನಿನಲ್ಲಿ ಎಷ್ಟು ವೋಲ್ಟಿದೆ? 6 ಮತ್ತು 14ರ ನಡುವೆ ಎಷ್ಟು ಓಮು ಬಂದಿತು? ಅಳೆದು ಅಂಕಿಗಳನ್ನು ಹೇಳಿದವನಿಗೆ ಚೌಕಾಸಿಯಿಲ್ಲದೆ ಅವನ ಕೂಲಿಯನ್ನು ಸಲ್ಲಿಸತಕ್ಕದ್ದು. ಅಳೆಯದೆಯೇ ಹೇಳಿದವನಲ್ಲಿ ಗಾಡಿಯನ್ನು ಬಿಡದೆ ಮನೆಗೆ ತರುವುದು ಒಳ್ಳೆಯದು.