ಮುಗ್ಗಲು ಕಡಲೆಬೀಜ ನಾಯಿಗೂ ಬೇಡ

ಮಕ್ಕಳೇ, ನಾಯಿಗೆ ಅಂಗಡಿ ಬಿಸ್ಕತ್ತೇ ಆಗಬೇಕೆಂದೇನಿಲ್ಲ. ರಾಗಿಹಿಟ್ಟಿಗೆ ಒಂದು ಮೊಟ್ಟೆ, ಬೇಯಿಸಿದ ಸಿಹಿಗುಂಬಳ ಸೇರಿಸಿ ಕಲಸಿ, ಸಣ್ಣ ಬಿಲ್ಲೆ ತಟ್ಟಿ ಹೆಂಚಿನ ಮೇಲೆ ಬೇಯಿಸಿದರೆ ಸಾಕು. ಉಪ್ಪು, ಸಕ್ಕರೆ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೇಡವೇ ಬೇಡ. ಅವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ ಅದರ ಮೂತ್ರಪಿಂಡಕ್ಕೆ ಕೇಡು.

ನನ್ನ ತಕರಾರು ಇನ್ನೊಂದಿದೆ. ಸೆಟ್ಟೂರು, ಕಲ್ಯಾಣದುರ್ಗದ ಕಡೆ ಕಡಲೆಕಾಯಿ ಬೆಳೆ ಹೆಚ್ಚು. ಆರಿಸಿ ಬಿಟ್ಟ ಮುಗ್ಗಲು ಬೀಜವನ್ನು "ನಾಯಿಗಾದ್ರೂ ಹಾಕೋಣ" ಅನ್ನುವವರಿದ್ದಾರೆ. ಹಾಕಬಾರದು. ಕೊನೆಗಾಲದಲ್ಲಿ ಮಳೆ ಕೈಕೊಟ್ಟರೆ, ಇಲ್ಲವೇ ಕಾಯಿ ಸರಿಯಾಗಿ ಒಣಗದಿದ್ದರೆ, ಆಸ್ಪರ್ಜಿಲಸ್ ಎಂಬ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ತಯಾರಿಸಬಹುದು. ಹುರಿದರೂ ಅದು ಪೂರ್ತಿ ಹೋಗದು. 1960ರಲ್ಲಿ ಇಂಗ್ಲೆಂಡಿನಲ್ಲಿ ಇಂಥ ಕಡಲೆಕಾಯಿ ಹಿಂಡಿ ತಿಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತವು. ಆ ಮೇಲೆಯೇ ಈ ವಿಷ ಪತ್ತೆಯಾದದ್ದು. ನಾಯಿಯ ಯಕೃತ್ತನ್ನೂ ಇದು ಕೆಡಿಸುತ್ತದೆ.

ಹಾಗಂತ ಹಸುವಿಗೆ ಹಾಕೋದೂ ಬೇಡ. ಹಸು ತಿಂದ ಈ ವಿಷದ ಒಂದಂಶ ಹಾಲಿಗೆ ಇಳಿದು ನಮ್ಮ ಲೋಟಕ್ಕೇ ಬರುತ್ತೆ. ನಾವು ಮೂಸಿ ಬಿಸಾಕಿದ್ದನ್ನು ಇನ್ನೊಂದು ಜೀವಕ್ಕೆ ಹಾಕುವುದು ಉಳಿತಾಯವೂ ಅಲ್ಲ, ದಯೆಯೂ ಅಲ್ಲ.